ಹಲ್ಲ ನೋಡಿದ್ರ ಸಾಲದು, ನಡಗಿ ನೋಡಬೇಕು

2025ರ ಏಪ್ರಿಲ್ 12ರ ಐಎಸ್‌ಎಲ್ ಫೈನಲ್. ಕೋಲ್ಕತ್ತದಲ್ಲಿ ಬೆಂಗಳೂರು ಎಫ್‌ಸಿ 2–1ರಿಂದ ಮೋಹನ್ ಬಗಾನ್‌ಗೆ ಸೋತ ಮ್ಯಾಚು. ಸೋತ ನೋವು ಒತ್ತಟ್ಟಿಗಿರಲಿ, ಸ್ಕೋರ್‌ಕಾರ್ಡನ್ನು ಇನ್ನೊಂದು ಸಲ ನೋಡಿ. ನಮ್ಮ ಲೆಕ್ಕದಲ್ಲಿರೋ ಆ ಒಂದು ಗೋಲು ನಮ್ಮವರು ಹೊಡೆದದ್ದೇ ಅಲ್ಲ. ಅದು ಅವರ ಡಿಫೆಂಡರ್ ಆಲ್ಬರ್ಟೊ ರೊಡ್ರಿಗಸ್ ತಮ್ಮದೇ ಬಲೆಗೆ ಹಾಕಿಕೊಂಡ ಗೋಲು. ಆ ಕಡೆ ಹೊಡೆದವರು ಜೇಸನ್ ಕಮಿಂಗ್ಸ್ ಮತ್ತು ಜೇಮಿ ಮೆಕ್ಲಾರೆನ್. ಇಬ್ಬರೂ ಆಸ್ಟ್ರೇಲಿಯಾ ರಾಷ್ಟ್ರೀಯ ತಂಡಕ್ಕೆ ಆಡಿದ ಸ್ಟ್ರೈಕರ್‌ಗಳು. ಎಕ್ಸ್‌ಟ್ರಾ ಟೈಮ್ ಸೇರಿ 120 ನಿಮಿಷ ಆಡಿದ ನಮ್ಮ ತಂಡಕ್ಕೆ ಸ್ವಂತದ್ದು ಅಂತ ಒಂದು ಗೋಲೂ ಇಲ್ಲ.

ಅವತ್ತಿನಿಂದ ಫುಟ್ಬಾಲ್ ಹುಚ್ಚಿರೋ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದೇ ಚರ್ಚೆ: ಯಾವ ಸ್ಟ್ರೈಕರ್‌ನನ್ನು ತರಬೇಕು? ಸುನಿಲ್ ಛೇತ್ರಿಗೆ 2025ರ ಆಗಸ್ಟ್ 3ಕ್ಕೆ 41 ತುಂಬಿತು. 2024–25ರ ಸೀಸನ್ನಿನಲ್ಲಿ ಅವರು ಹೊಡೆದದ್ದು 14 ಗೋಲು, ಭಾರತೀಯ ಆಟಗಾರರಲ್ಲಿ ಯಾರೂ ಅಷ್ಟು ಹೊಡೆಯಲಿಲ್ಲ. ಇದನ್ನು ಓದಿ ಖುಷಿ ಪಡಬೇಕೋ ಗಾಬರಿಯಾಗಬೇಕೋ ಅನ್ನೋದೇ ಪ್ರಶ್ನೆ. ಗುಂಪಿನಲ್ಲಿ ಎಲ್ಲರೂ ಸಾಫ್ಟ್‌ವೇರಿನವರೇ ಆದ್ದರಿಂದ ಸಂಜೆಯೊಳಗೆ ಒಂದು ಎಕ್ಸೆಲ್ ಶೀಟು ತಯಾರಾಯ್ತು. ಹೆಸರು, ವಯಸ್ಸು, ಕ್ಲಬ್ಬು, ಗೋಲು. ನಾಲ್ಕು ಕಾಲಮ್. ಗೋಲಿನ ಪ್ರಕಾರ ಸಾರ್ಟ್ ಮಾಡಿದ್ರು, ಮೇಲಿಂದ ಮೂರು ಹೆಸರು ಎತ್ತಿಕೊಂಡ್ರು, ಮುಗೀತು.

ನನ್ನ ತಕರಾರು ಇರೋದು ಆ ಹೆಸರುಗಳ ಮೇಲಲ್ಲ, ಆ ನಾಲ್ಕು ಕಾಲಮ್ಮಿನ ಮೇಲೆ.

ನಾನು ಬೀಳಗಿ ತಾಲೂಕಿನ ಅನಗವಾಡಿಯವನು. ಘಟಪ್ರಭಾ ದಂಡೆಯ ಊರು. ನಮ್ಮ ಬೀಳಗಿ, ಮುಧೋಳ, ಜಮಖಂಡಿ ಕಡೆ ಕಬಡ್ಡಿ ಉಂಟು, ಕುಸ್ತಿ ಉಂಟು, ತೆರಬಂಡಿ ಉಂಟು. ಫುಟ್ಬಾಲ್ ಅನ್ನೋದು ಹೆಚ್ಚಾಗಿ ಮೊಬೈಲಿನಲ್ಲೇ. ಹಾಗಾಗಿ ಫುಟ್ಬಾಲಿನ ವಿದ್ಯೆಯನ್ನು ಊರಿಂದ ತಂದೆ ಅಂತ ಹೇಳಲಾರೆ. ಆದರೆ ಎಳೇ ಹೋರಿಯನ್ನು ಹೇಗೆ ಆರಿಸಿ ಕೊಳ್ಳಬೇಕು ಅನ್ನೋ ವಿದ್ಯೆಯಲ್ಲಿ ನಮ್ಮ ಕಡೆಯವರು ಪಳಗಿದವರು. ದನದ ಸಂತೆಗೆ ಹೋದವರಿಗೆ ಗೊತ್ತು: ಮೊದಲು ಬಾಯಿ ತೆರೆಸಿ ಹಲ್ಲು ನೋಡ್ತಾರೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಬಾಯಿಗೂಡಿದ ಎತ್ತು. ಹಲ್ಲು ಅಂದ್ರೆ ವಯಸ್ಸು. ಆದರೆ ಹಲ್ಲು ನೋಡಿ ದುಡ್ಡು ಕೊಟ್ಟು ಬರೋನು ಹೊಸಬ. ತಿಳಿದವರು ಹೋರಿಯನ್ನು ನಡೆಸಿ ನೋಡ್ತಾರೆ. ಹಿಂಗಾಲು ಮುಂಗಾಲಿನ ಹೆಜ್ಜೆಯ ಹತ್ತಿರ ಬೀಳುತ್ತಾ, ತಿರುಗುವಾಗ ತಡವರಿಸುತ್ತಾ, ಗದ್ದಲಕ್ಕೆ ಬೆದರುತ್ತಾ. ಕೊನೆಗೆ ಕೇಳೋದು ಒಂದೇ ಮಾತು: "ಮನ್ಯಾಗ ಇರೋ ಎತ್ತಿಗೆ ಜೋಡಿ ಆಗ್ತೈತೇನೋ ತಮ್ಮಾ?" ಒಂಟಿ ಎತ್ತು ಎಷ್ಟೇ ಚೆಂದ ಇದ್ದರೂ ನೊಗಕ್ಕೆ ಇನ್ನೊಂದು ಹೆಗಲು ಬೇಕಲ್ಲ.

ವಯಸ್ಸು, ನಡಿಗೆ, ಜೋಡಿ. ನಮ್ಮ ಎಕ್ಸೆಲ್ ಶೀಟಿನಲ್ಲಿ ಇದ್ದದ್ದು ಮೊದಲನೆಯದು ಮಾತ್ರ. ಅದರ ಪಕ್ಕ ಗೋಲಿನ ಲೆಕ್ಕ. ಆ ಲೆಕ್ಕ ಎಷ್ಟು ಮೋಸ ಮಾಡುತ್ತೆ ಅನ್ನೋದನ್ನ ಮೊದಲು ನೋಡೋಣ.

ಇಬ್ಬರು ಹುಡುಗರನ್ನು ಊಹಿಸಿಕೊಳ್ಳಿ. ಇಬ್ಬರದೂ ಸೀಸನ್ನಿಗೆ ಐದೈದು ಗೋಲು. ಶೀಟಿನಲ್ಲಿ ಇಬ್ಬರೂ ಸಮ. ಈಗ ನಿಮಿಷದ ಕಾಲಮ್ ಸೇರಿಸಿ: ಮೊದಲನೆಯವನು ಆಡಿದ್ದು 1500 ನಿಮಿಷ, ಎರಡನೆಯವನು 600. ತೊಂಬತ್ತು ನಿಮಿಷಕ್ಕೆ ಇಷ್ಟು ಅಂತ ಲೆಕ್ಕ ಹಾಕಿದ್ರೆ ಮೊದಲನೆಯವನದು 0.30, ಎರಡನೆಯವನದು 0.75. ಅರೆ, ಎರಡನೆಯವನು ವಜ್ರ! ತಡೀರಿ. ಪೆನಾಲ್ಟಿಯ ಕಾಲಮ್ಮನ್ನೂ ಸೇರಿಸಿ. ಎರಡನೆಯವನ ಐದರಲ್ಲಿ ಮೂರು ಪೆನಾಲ್ಟಿ, ಮೊದಲನೆಯವನು ಪೆನಾಲ್ಟಿ ಹೊಡೆದೇ ಇಲ್ಲ. ಪೆನಾಲ್ಟಿ ಕಳೆದರೆ ಎರಡನೆಯವನಿಗೆ ಉಳಿಯೋದು 600 ನಿಮಿಷಕ್ಕೆ ಎರಡು ಗೋಲು, ಅಂದ್ರೆ ಮತ್ತೆ ಅದೇ 0.30. ಒಂದು ಕಾಲಮ್ ಸೇರಿಸಿದಾಗ ವಜ್ರ, ಇನ್ನೊಂದು ಸೇರಿಸಿದಾಗ ಅವನೂ ಇವನಂಥವನೇ. ಮೇಲಾಗಿ 600 ನಿಮಿಷ ಅಂದ್ರೆ ಏಳು ಪೂರ್ತಿ ಮ್ಯಾಚೂ ಆಗಲಿಲ್ಲ. ಏಳು ದಿನದ ಕೆಲಸ ನೋಡಿ ನಿಮ್ಮ ಆಫೀಸಿನಲ್ಲಿ ಯಾರಿಗಾದ್ರೂ ಮೂರು ವರ್ಷದ ಆಫರ್ ಲೆಟರ್ ಕೊಡ್ತಾರಾ?

ಇನ್ನು ಗೋಲು ಎಲ್ಲಿಂದ ಬಂತು ಅನ್ನೋದು. ಈಗ ಎಲ್ಲರ ಬಾಯಲ್ಲೂ ಇರೋ ಎಕ್ಸ್‌ಜಿ ಅನ್ನೋ ಅಳತೆಯ ಹಿಂದಿರೋದು ಇಷ್ಟೇ ಸರಳ ವಿಚಾರ: ಇದೇ ಜಾಗದಿಂದ, ಇದೇ ಥರದ ಹೊಡೆತ ನೂರು ಸಲ ಹೊಡೆದರೆ ಎಷ್ಟು ಸಲ ಗೋಲಾಗುತ್ತೆ? ಪೆನಾಲ್ಟಿ ನೂರಕ್ಕೆ 75ರಿಂದ 80 ಸಲ ಒಳಗೆ ಹೋಗುತ್ತೆ. ಬಾಕ್ಸಿನ ಹೊರಗಿನಿಂದ ಹೊಡೆದದ್ದು ನೂರಕ್ಕೆ ಮೂರೋ ನಾಲ್ಕೋ. ಆದರೆ ಇನ್‌ಸ್ಟಾಗ್ರಾಮ್ ರೀಲಿನಲ್ಲಿ ನಾವು ನೋಡೋದು ಆ ಮೂರನ್ನೇ. ಗ್ಯಾಲರಿಗೆ ಹೋದ 97 ಚೆಂಡನ್ನು ಯಾರೂ ರೀಲ್ ಮಾಡಲ್ಲ. ನಾರ್ತ್‌ಈಸ್ಟ್ ಯುನೈಟೆಡ್‌ನ ಪಾರ್ಥಿಬ್ ಗೊಗೊಯ್ ನಮ್ಮ ಗುಂಪಿನ ಪಟ್ಟಿಗೆ ಬಂದದ್ದು ಹಾಗೇ. ಅಸ್ಸಾಮಿನ ಈ ಹುಡುಗನ ದೂರದ ಹೊಡೆತ ನೋಡೋಕೆ ಹಬ್ಬ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಬದಿಯಿಂದ ಒಳಗೆ ನುಗ್ಗೋ ಆಟಗಾರ. ಅವರನ್ನು ನಡುವಿನ ಸ್ಟ್ರೈಕರ್ ಅಂತ ತಂದರೆ ತಪ್ಪು ಅವರದ್ದಲ್ಲ, ತಂದವರದ್ದು. ತೆರಬಂಡಿಗೆ ಸಾಕಿದ ಎತ್ತನ್ನು ತಂದು ದಿನವಿಡೀ ಗಳೇ ಹೊಡೆಸಿ, ಸುಸ್ತಾಯ್ತು ಅಂತ ಬೈದ ಹಾಗೆ.

ಹಾಗಾದರೆ ಸ್ಟ್ರೈಕರ್‌ನಲ್ಲಿ 'ನಡಿಗೆ' ಅಂದ್ರೆ ಏನು? ಚೆಂಡು ಕಾಲಿನಲ್ಲಿ ಇಲ್ಲದಾಗ ಏನು ಮಾಡ್ತಾನೆ ಅನ್ನೋದು. ತೊಂಬತ್ತು ನಿಮಿಷದಲ್ಲಿ ಸ್ಟ್ರೈಕರ್ ಕಾಲಿಗೆ ಚೆಂಡು ಸಿಗೋದು ಒಟ್ಟು ಸೇರಿಸಿದ್ರೆ ಒಂದೆರಡು ನಿಮಿಷ. ಉಳಿದ ಹೊತ್ತೆಲ್ಲ ಅವನು ಜಾಗ ಹುಡುಕ್ತಾ ಇರ್ತಾನೆ. ಇದಕ್ಕೆ ಛೇತ್ರಿಗಿಂತ ಒಳ್ಳೆ ಪಾಠ ಬೇಕಿಲ್ಲ. ಅವರು ಎತ್ತರದ ಆಳಲ್ಲ, ಈಗ ವೇಗವೂ ಇಲ್ಲ. ಆದರೂ ತಲೆಯಿಂದ ಗೋಲು ಹೊಡೀತಾರೆ. ಹೇಗೆ? ಕ್ರಾಸ್ ಬರೋ ಮುಂಚೆ ಡಿಫೆಂಡರ್ ಕಣ್ಣಿನಿಂದ ಮರೆಯಾಗಿ ಅವನ ಬೆನ್ನಿನ ಕಡೆ ನಿಲ್ತಾರೆ, ಅವನು ಚೆಂಡಿನ ಕಡೆ ತಿರುಗಿದ ಕ್ಷಣಕ್ಕೆ ಮುಂದೆ ಬರ್ತಾರೆ. 2024ರ ಡಿಸೆಂಬರ್ 7ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ 4–2ರಿಂದ ಗೆದ್ದಾಗ, ನಲವತ್ತು ದಾಟಿದ ಮನುಷ್ಯ ಹ್ಯಾಟ್ರಿಕ್ ಹೊಡೆದದ್ದು ಕಾಲಿನ ಬಲದಿಂದಲ್ಲ, ಈ ಬುದ್ಧಿಯಿಂದ. ಇದು ಗೋಲಿನ ಕಾಲಮ್ಮಿನಲ್ಲಿ ಕಾಣಲ್ಲ, ಟೀವಿಯಲ್ಲೂ ಅಷ್ಟಾಗಿ ಕಾಣಲ್ಲ. ಕ್ಯಾಮೆರಾ ಚೆಂಡಿನ ಹಿಂದೆ ಇರುತ್ತೆ. ಸ್ಟೇಡಿಯಂನಲ್ಲಿ ಕೂತವರಿಗೆ ಕಾಣುತ್ತೆ.

ಈ ಮೂರು ಅಳತೆ ಹಿಡಿದುಕೊಂಡು ಗುಂಪಿನ ಪಟ್ಟಿಯಲ್ಲಿದ್ದ ಹುಡುಗರನ್ನು ಒಬ್ಬೊಬ್ಬರನ್ನಾಗಿ ನೋಡೋಣ.

ಮೊದಲು ಡೇವಿಡ್ ಲಾಲ್ಹ್ಲಾನ್‌ಸಾಂಗ. ಮಿಜೋರಾಂ ಹುಡುಗ. 2023ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಪರ ಡುರಾಂಡ್ ಕಪ್‌ನಲ್ಲಿ ಆರು ಗೋಲು ಹೊಡೆದು ಗೋಲ್ಡನ್ ಬೂಟ್ ಗೆದ್ದವರು. ಅದೇ ವರ್ಷ ಕೋಲ್ಕತ್ತ ಲೀಗಿನಲ್ಲೂ ಗೋಲಿನ ಸುರಿಮಳೆ. 2024ರಲ್ಲಿ ಈಸ್ಟ್ ಬೆಂಗಾಲ್ ಅವರನ್ನು ಕರೆದುಕೊಂಡಿತು. ಐಎಸ್‌ಎಲ್‌ನಲ್ಲಿ ಆ ಮಳೆ ಬರಲಿಲ್ಲ. 'ಹುಡುಗ ಫೇಲ್' ಅಂತ ಬರೆಯೋರು ಎರಡು ವಿಷಯ ಮರೀತಾರೆ. ಒಂದು, ಲೀಗಿನ ಮಟ್ಟ. ಊರ ಜಾತ್ರೆಯ ಕುಸ್ತಿ ಗೆದ್ದವನು ದಸರಾ ಅಖಾಡದಲ್ಲಿ ಮೊದಲ ದಿನವೇ ಗೆಲ್ಲಬೇಕು ಅಂದ್ರೆ ಹೇಗೆ? ಎರಡು, ಈಸ್ಟ್ ಬೆಂಗಾಲ್‌ನಲ್ಲಿ ನಡುವಿನ ಜಾಗಕ್ಕೆ ಆಗಲೇ ದಿಮಿತ್ರಿಯೊಸ್ ದಿಯಮಂತಾಕೊಸ್ ಇದ್ದರು, ಹಿಂದಿನ ಸೀಸನ್ನಿನ ಗೋಲ್ಡನ್ ಬೂಟ್ ವಿಜೇತ. ಡೇವಿಡ್‌ಗೆ ಸಿಕ್ಕದ್ದು ತುಂಡು ತುಂಡು ನಿಮಿಷ. ನನ್ನ ಮಟ್ಟಿಗೆ ಇವರ ಬೆಲೆ 2023ರ ಡುರಾಂಡ್ ಹೆಸರಿನ ಮೇಲೆ ಕಟ್ಟಿದ್ದಾದರೆ ಬೇಡ; ಇವತ್ತಿನ ಬೆಲೆಗೆ ಸಿಗೋದಾದ್ರೆ ಯೋಚಿಸಬಹುದು.

ಎರಡನೆಯವರು ಸುಹೈಲ್ ಭಟ್. ಶ್ರೀನಗರದವರು, 2005ರಲ್ಲಿ ಹುಟ್ಟಿದವರು, ಮೋಹನ್ ಬಗಾನ್ ಆಟಗಾರ. 2025ರ ಜೂನ್‌ನಲ್ಲಿ ಥಾಯ್ಲೆಂಡ್ ವಿರುದ್ಧ ಭಾರತ ತಂಡಕ್ಕೆ ಮೊದಲ ಸಲ ಆಡಿದರು. ಹಲ್ಲಿನ ಲೆಕ್ಕದಲ್ಲಿ ಪಟ್ಟಿಯ ಎಲ್ಲರಿಗಿಂತ ಎಳಬ. ಬಾಕ್ಸಿನೊಳಗೆ ಬೆನ್ನಿಗೆ ಡಿಫೆಂಡರ್ ಅಂಟಿಕೊಂಡಿದ್ದಾಗ ತಿರುಗೋ ರೀತಿಯೇ ಬೇರೆ: ಚೆಂಡು ಬರೋ ಮುಂಚೆ ಭುಜದ ಮೇಲಿಂದ ಒಂದು ಸಲ ಹಿಂದೆ ನೋಡ್ತಾರೆ. ಈ ಅಭ್ಯಾಸ ಇರೋ ಎಳೇ ಸ್ಟ್ರೈಕರ್‌ಗಳು ನಮ್ಮಲ್ಲಿ ಕಡಿಮೆ. ಆದರೆ ಅವರ ಕ್ಲಬ್ಬಿನಲ್ಲಿ ಅವರ ಮುಂದೆ ಕ್ಯೂ ನಿಂತವರು ಯಾರು? ಮೆಕ್ಲಾರೆನ್, ಕಮಿಂಗ್ಸ್, ದಿಮಿತ್ರಿ ಪೆಟ್ರಾಟೊಸ್. ಆ ಕ್ಯೂನಲ್ಲಿ ಇಪ್ಪತ್ತರ ಹುಡುಗನ ಸರದಿ ಯಾವಾಗ ಬರಬೇಕು? ರಾಷ್ಟ್ರೀಯ ತಂಡಕ್ಕೆ ಆಡಿಸೋ ಹುಡುಗನಿಗೆ ಸ್ವಂತ ಕ್ಲಬ್ಬಿನ ಲೀಗ್ ಮ್ಯಾಚಿನಲ್ಲಿ ಜಾಗ ಸಿಗದ ವಿಚಿತ್ರ ನಮ್ಮದು.

ಮೂರನೆಯವರು ಇರ್ಫಾನ್ ಯಾದವಾಡ, ಚೆನ್ನೈಯಿನ್ ಎಫ್‌ಸಿ. ಯಾದವಾಡ ಅನ್ನೋ ಹೆಸರು ಕೇಳಿದ ಕೂಡಲೇ ನಮ್ಮ ಕಡೆಯವರ ಕಿವಿ ನಿಮಿರುತ್ತೆ. ಮುಧೋಳದ ಆಚೆ ಮೂಡಲಗಿ ತಾಲೂಕಿನಲ್ಲೊಂದು ಯಾದವಾಡ, ಧಾರವಾಡದ ಹತ್ತಿರ ಇನ್ನೊಂದು. ಆದರೆ ಅಡ್ಡಹೆಸರು ನೋಡಿ ನಮ್ಮವನು ಅಂತ ತಬ್ಬಿಕೊಳ್ಳೋದು ಬೇಡ, ಆಟಗಾರ ಬಂದದ್ದು ಗೋವಾದಿಂದ. ನಾವು ನಿಜಕ್ಕೂ ಗಮನಿಸಬೇಕಾದ್ದು ಬೇರೆ ಇದೆ: ಚೆನ್ನೈಗೆ ಹೋಗೋ ಮುಂಚೆ ಅವರು ಆಡ್ತಾ ಇದ್ದದ್ದು ಎಫ್‌ಸಿ ಬೆಂಗಳೂರು ಯುನೈಟೆಡ್‌ಗೆ. ಅಂದ್ರೆ ಇದೇ ಊರಿನಲ್ಲಿ, ಬಿಎಫ್‌ಸಿಯ ಕಣ್ಣ ಮುಂದೆ! 2025ರ ಮಾರ್ಚ್‌ನಲ್ಲಿ ಛೇತ್ರಿ ನಿವೃತ್ತಿ ಬಿಟ್ಟು ಭಾರತ ತಂಡಕ್ಕೆ ವಾಪಸ್ ಬಂದರಲ್ಲ, ಆ ತಂಡದಲ್ಲಿ ಇರ್ಫಾನ್ ಕೂಡ ಇದ್ದರು. ಇವರ ಆಟದಲ್ಲಿ ನನಗೆ ಇಷ್ಟವಾಗೋದು ಗೋಲಲ್ಲ, ಓಟ. ಡಿಫೆಂಡರ್ ಇಬ್ಬರ ನಡುವಿನ ಸಂದಿಯಲ್ಲಿ ಓಡ್ತಾರೆ, ಚೆಂಡು ಸಿಗದಿದ್ದರೂ ಮತ್ತೆ ಓಡ್ತಾರೆ. ಆ ಓಟದಿಂದ ಡಿಫೆನ್ಸ್ ಹಿಂದೆ ಸರಿಯುತ್ತೆ, ನಡುವೆ ಬೇರೆಯವರಿಗೆ ಜಾಗ ಆಗುತ್ತೆ. ಕೊರತೆ ಏನಂದ್ರೆ ಕೊನೇ ಹೊಡೆತ. ಸಿಕ್ಕ ಅವಕಾಶ ಎಲ್ಲವನ್ನೂ ಗೋಲಾಗಿಸಲ್ಲ. ಆದರೆ ಅವಕಾಶ ಸಿಗೋದೇ ಇಲ್ಲದ ಸ್ಟ್ರೈಕರ್‌ಗಿಂತ ಅವಕಾಶ ಕೆಡಿಸಿಕೊಳ್ಳೋ ಸ್ಟ್ರೈಕರ್ ಎಷ್ಟೋ ವಾಸಿ. ಹೊಡೆತವನ್ನು ತರಬೇತಿಯಲ್ಲಿ ತಿದ್ದಬಹುದು. ಜಾಗಕ್ಕೆ ಹೋಗೋ ಬುದ್ಧಿಯನ್ನು ಇಪ್ಪತ್ನಾಲ್ಕರಲ್ಲಿ ಹೊಸದಾಗಿ ಕಲಿಸೋದು ಕಷ್ಟ.

ಇನ್ನು ನಾಲ್ಕನೆಯವರು. ಇವರ ಹೆಸರು ನಮ್ಮ ಗುಂಪಿನ ಶೀಟಿನಲ್ಲೇ ಇರಲಿಲ್ಲ. ಯಾಕಂದ್ರೆ ಇವರನ್ನು ಕೊಳ್ಳೋ ಹಾಗಿಲ್ಲ, ಆಗಲೇ ನಮ್ಮ ಮನೆಯಲ್ಲೇ ಇದ್ದಾರೆ. ಶಿವಶಕ್ತಿ ನಾರಾಯಣನ್.

ಸ್ವಲ್ಪ ಹಿಂದಕ್ಕೆ ಹೋಗೋಣ. 2022ರ ಸೆಪ್ಟೆಂಬರ್, ಡುರಾಂಡ್ ಕಪ್ ಫೈನಲ್. ಮುಂಬೈ ಸಿಟಿ ವಿರುದ್ಧ 2–1ರಿಂದ ಗೆದ್ದ ಆ ಮ್ಯಾಚಿನ ಮೊದಲ ಗೋಲು ಇದೇ ತಮಿಳುನಾಡಿನ ಹುಡುಗನದ್ದು. ಆಮೇಲಿನ ಐಎಸ್‌ಎಲ್‌ನಲ್ಲಿ ಆಗಿನ ಕೋಚ್ ಸೈಮನ್ ಗ್ರೇಸನ್ ಯಾರೂ ಮಾಡದ ಧೈರ್ಯ ಮಾಡಿದರು: ಛೇತ್ರಿಯನ್ನು ಬೆಂಚಿನಲ್ಲಿ ಕೂರಿಸಿ ಶಿವಶಕ್ತಿಯನ್ನು ರಾಯ್ ಕೃಷ್ಣ ಜತೆ ಆಡಿಸಿದರು. ನಮ್ಮೂರ ಭಾಷೆಯಲ್ಲಿ ಹೇಳೋದಾದ್ರೆ ಬಾಯಿಗೂಡಿದ ಎತ್ತಿನ ಪಕ್ಕಕ್ಕೆ ನಾಲ್ಕು ಹಲ್ಲಿನ ಹೋರಿ ಕಟ್ಟಿದರು. ಫಿಜಿಯ ಅನುಭವಿ ಕೃಷ್ಣ ಡಿಫೆಂಡರ್‌ಗಳನ್ನು ತಮ್ಮ ಕಡೆ ಎಳೆದುಕೊಳ್ಳೋರು, ಹುಡುಗ ಖಾಲಿಯಾದ ಜಾಗಕ್ಕೆ ನುಗ್ಗೋನು. ತಂಡ ಸಾಲು ಸಾಲಾಗಿ ಗೆದ್ದಿತು, ಫೈನಲ್ ತಲುಪಿತು. ಶಿವಶಕ್ತಿ ಆರು ಗೋಲು ಹೊಡೆದು ಸೀಸನ್ನಿನ ಎಮರ್ಜಿಂಗ್ ಪ್ಲೇಯರ್ ಆದರು. ಬೆಂಚಿನಿಂದ ಬಂದ ಛೇತ್ರಿಯೂ ನಿರ್ಣಾಯಕ ಗೋಲುಗಳನ್ನು ಹೊಡೆದರು. ಕೇರಳ ತಂಡ ಮೈದಾನ ಬಿಟ್ಟು ಹೊರನಡೆದ ಆ ಫ್ರೀಕಿಕ್ ನೆನಪಿದೆ ತಾನೆ? ಅಂದ್ರೆ ಹುಡುಗನಿಗೆ ಜಾಗ ಕೊಟ್ಟದ್ದರಿಂದ ಹಿರಿಯರು ಕಳೆದುಕೊಂಡದ್ದೂ ಏನಿಲ್ಲ. ಆದರೆ ಗೋವಾದ ಫೈನಲ್‌ನಲ್ಲಿ ಶಿವಶಕ್ತಿ ಶುರುವಿನಲ್ಲೇ ಗಾಯಗೊಂಡು ಹೊರಗೆ ಹೋದರು, ಮೋಹನ್ ಬಗಾನ್ ಪೆನಾಲ್ಟಿ ಶೂಟೌಟಿನಲ್ಲಿ ಗೆದ್ದಿತು.

ಮುಂದಿನ ಸೀಸನ್ನಿನಲ್ಲಿ ರಾಯ್ ಕೃಷ್ಣ ಒಡಿಶಾಗೆ ಹೋದರು. ಜೋಡಿ ಮುರಿಯಿತು. ಡಿಸೆಂಬರ್‌ನಲ್ಲಿ ಗ್ರೇಸನ್ ಕೆಲಸ ಹೋಯಿತು. ತಂಡ ಹತ್ತನೇ ಸ್ಥಾನಕ್ಕೆ ಇಳಿಯಿತು. ಶಿವಶಕ್ತಿಯ ಗೋಲೂ ಇಳಿಯಿತು. ನಮ್ಮ ಅಭಿಮಾನಿಗಳು ಏನಂದ್ರು? 'ಒಂದು ಸೀಸನ್ ಮಿಂಚಿ ಮಾಯವಾದ.' ಹುಡುಗ ಬದಲಾಗಿದ್ದನೋ, ಪಕ್ಕದ ಹೆಗಲು ಬದಲಾಗಿತ್ತೋ ಅಂತ ಕೇಳಿದವರು ಕಡಿಮೆ.

ಇಲ್ಲಿಗೆ ಬಂದಾಗ ನನಗೆ ಅನ್ನಿಸೋದು: ನಾವು ಹೋಲಿಕೆ ಮಾಡ್ತಾ ಇರೋದೇ ತಪ್ಪು ವಸ್ತುಗಳನ್ನ. ಡೇವಿಡ್, ಸುಹೈಲ್, ಇರ್ಫಾನ್, ಶಿವಶಕ್ತಿ ನಾಲ್ವರ ನಡುವೆ ಪ್ರತಿಭೆಯಲ್ಲಿ ಇರೋ ಅಂತರ ಸಣ್ಣದು. ಅವರಿಗೆ ಸಿಕ್ಕ ನಿಮಿಷಗಳಲ್ಲಿ, ಸಿಕ್ಕ ಜೋಡಿಯಲ್ಲಿ, ಆಡಿಸಿದ ಜಾಗದಲ್ಲಿ ಇರೋ ಅಂತರ ದೊಡ್ಡದು. ಗೋಲಿನ ಕಾಲಮ್ ಅಳೆಯೋದು ಹುಡುಗನನ್ನಲ್ಲ, ಬಹುಪಾಲು ಅವನ ಕ್ಲಬ್ಬನ್ನ.

ಇದಕ್ಕೆ ಪುರಾವೆ ಬೇಕಾ? 2014ರಲ್ಲಿ ಐಎಸ್‌ಎಲ್ ಶುರುವಾದಾಗಿನಿಂದ 2024–25ರವರೆಗೆ ಹನ್ನೊಂದು ಸೀಸನ್. ಗೋಲ್ಡನ್ ಬೂಟ್ ಗೆದ್ದವರ ಪಟ್ಟಿ ತೆಗೆಯಿರಿ: ಎಲಾನೊ, ಕೊರೊ, ವಾಲ್ಸ್‌ಕಿಸ್, ಒಗ್ಬೆಚೆ, ದಿಯಮಂತಾಕೊಸ್, 2024–25ರಲ್ಲಿ 23 ಗೋಲು ಹೊಡೆದ ಮೊರಾಕ್ಕೊದ ಅಲಾದ್ದೀನ್ ಅಜರೈ. ಒಬ್ಬರೂ ಭಾರತೀಯರಲ್ಲ. ಒಂದು ತಂಡದಲ್ಲಿ ಏಕಕಾಲಕ್ಕೆ ನಾಲ್ವರು ವಿದೇಶಿಯರು ಆಡಬಹುದು ಅನ್ನೋದು ನಿಯಮ. ಆ ನಾಲ್ವರಲ್ಲಿ ಒಬ್ಬರು ಎಲ್ಲಿ ಅಂತ ಕೇಳೋದೇ ಬೇಡ, ಹೆಚ್ಚಿನ ಕಡೆ ಒಂಬತ್ತನೇ ನಂಬರ್ ಜಾಗದಲ್ಲಿ. ಕ್ಲಬ್ಬಿನ ದೃಷ್ಟಿಯಿಂದ ಇದು ಪೆದ್ದುತನವೇನಲ್ಲ. ಗೋಲು ಹೊಡೆಯೋದು ಫುಟ್ಬಾಲಿನಲ್ಲಿ ಅತಿ ಕಷ್ಟದ ಕೆಲಸ, ಅದಕ್ಕೆ ಖಾತ್ರಿ ಮನುಷ್ಯ ಬೇಕು. ಕೋಚ್‌ಗೆ ನಾಲ್ಕು ಮ್ಯಾಚ್ ಸೋತರೆ ಮನೆಗೆ ಟಿಕೆಟ್. ಅವನು ಇಪ್ಪತ್ತರ ಹುಡುಗನ ಮೇಲೆ ಯಾಕೆ ಪಣ ಕಟ್ತಾನೆ? ಹಾಗಾಗಿ ಭಾರತೀಯ ಸ್ಟ್ರೈಕರ್ ಒಂದೋ ಬದಿಗೆ ಸರೀತಾನೆ, ಇಲ್ಲಾ ಬೆಂಚಿಗೆ. ಇಶಾನ್ ಪಂಡಿತ ಕಥೆ ನೋಡಿ: 2016ರಲ್ಲಿ ಸ್ಪೇನಿನ ಲೆಗಾನೆಸ್ ಜತೆ ಒಪ್ಪಂದ ಮಾಡಿಕೊಂಡ ಹುಡುಗ, 2020–21ರಲ್ಲಿ ಎಫ್‌ಸಿ ಗೋವಾ ಪರ ಬೆಂಚಿನಿಂದ ಬಂದೇ ನಾಲ್ಕು ಗೋಲು ಹೊಡೆದರು. ಅದಕ್ಕೆ ಸಿಕ್ಕ ಬಹುಮಾನ 'ಸೂಪರ್ ಸಬ್' ಅನ್ನೋ ಹಣೆಪಟ್ಟಿ. ಬೆಂಚಿನಿಂದ ಬಂದು ಚೆನ್ನಾಗಿ ಆಡ್ತಾನೆ, ಸರಿ, ಬೆಂಚಿನಲ್ಲೇ ಇರಲಿ!

ಇದರ ಬಿಲ್ಲು ಬರೋದು ರಾಷ್ಟ್ರೀಯ ತಂಡಕ್ಕೆ. 2017ರಲ್ಲಿ ನಮ್ಮ ನೆಲದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತ ಹೊಡೆದದ್ದು ಒಂದೇ ಗೋಲು. ಕೊಲಂಬಿಯಾ ವಿರುದ್ಧ, ಕಾರ್ನರ್‌ನಿಂದ, ತಲೆಯಿಂದ ಹೊಡೆದವರು ಮಿಡ್‌ಫೀಲ್ಡರ್ ಜೀಕ್ಸನ್ ಸಿಂಗ್. ಎಂಟು ವರ್ಷದ ನಂತರ, ಏಷ್ಯನ್ ಕಪ್ ಅರ್ಹತಾ ಸುತ್ತು: ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶ ವಿರುದ್ಧ 0–0, ಜೂನ್ 10ಕ್ಕೆ ಹಾಂಗ್‌ಕಾಂಗ್ ವಿರುದ್ಧ 0–1. ಎರಡು ಮ್ಯಾಚು, ಸೊನ್ನೆ ಗೋಲು. ನಿವೃತ್ತರಾದ ಮನುಷ್ಯನನ್ನು ಮನೆಯಿಂದ ಕರೆದುಕೊಂಡು ಬಂದರೂ ಇಷ್ಟೇ.

'ಹಾಗಾದರೆ ಲೆಕ್ಕ, ಡೇಟಾ ಎಲ್ಲ ಸುಳ್ಳಾ?' ಅಂತ ಗುಂಪಿನ ಗೆಳೆಯ ಕೇಳಿದ. ಖಂಡಿತ ಅಲ್ಲ. ಸರಿಯಾದ ಲೆಕ್ಕ ಹಾಕಿದವರು ಏನು ಮಾಡ್ತಾರೆ ಅನ್ನೋದಕ್ಕೆ ಲಂಡನ್ನಿನ ಬ್ರೆಂಟ್‌ಫರ್ಡ್ ಕ್ಲಬ್ ಇದೆಯಲ್ಲ. ದೊಡ್ಡ ದುಡ್ಡಿಲ್ಲದ ಕ್ಲಬ್ಬು. 2017ರಲ್ಲಿ ಕೆಳಗಿನ ಲೀಗಿನ ಎಕ್ಸೆಟರ್‌ನಿಂದ ಒಲ್ಲಿ ವಾಟ್ಕಿನ್ಸ್‌ನನ್ನು ತಂದರು, ಎರಡು ವರ್ಷ ಬದಿಯಲ್ಲಿ ಆಡಿಸಿದರು. 2019ರಲ್ಲಿ ತಮ್ಮ ಸ್ಟ್ರೈಕರ್ ನೀಲ್ ಮೊಪೇಯನ್ನು ಬ್ರೈಟನ್‌ಗೆ ಮಾರಿದಾಗ ಹೊಸಬನನ್ನು ಕೊಳ್ಳೋ ಬದಲು ವಾಟ್ಕಿನ್ಸ್‌ನನ್ನೇ ನಡುವಿಗೆ ತಂದರು. ಆ ಸೀಸನ್ನಿನಲ್ಲಿ ಅವರದು 25ಕ್ಕೂ ಹೆಚ್ಚು ಗೋಲು. 2020ರಲ್ಲಿ ಅವರನ್ನು ಆಸ್ಟನ್ ವಿಲ್ಲಾಗೆ ಮಾರಿ, ಮೂರನೇ ದರ್ಜೆಯ ಲೀಗಿನಲ್ಲಿ ಆಡಿದ್ದ ಐವನ್ ಟೋನಿಯನ್ನು ತಂದರು. ಟೋನಿ ಮೊದಲ ಸೀಸನ್ನಿನಲ್ಲೇ ಲೀಗಿನಲ್ಲಿ 31 ಗೋಲು ಹೊಡೆದರು, ಕ್ಲಬ್ಬು 2021ರಲ್ಲಿ ಪ್ರೀಮಿಯರ್ ಲೀಗ್ ಸೇರಿತು. ಇಲ್ಲಿ ಗಮನಿಸಬೇಕಾದ್ದು ಅವರ ಕಂಪ್ಯೂಟರ್ ಮಾತ್ರ ಅಲ್ಲ. ಆರಿಸಿ ತಂದವನನ್ನು ಅವರು ಆಡಿಸಿದರು. ಲೆಕ್ಕದ ಮೇಲೆ ನಂಬಿಕೆ ಇಟ್ಟವರು ತಂದ ಮನುಷ್ಯನ ಮೇಲೂ ನಂಬಿಕೆ ಇಟ್ಟರು.

ನಮ್ಮಲ್ಲಿ ಹೋಲಿಸೋದಕ್ಕೆ ಇನ್ನೊಂದು ತೊಡಕಿದೆ. ಬೆಲೆಯೇ ಗೊತ್ತಾಗಲ್ಲ. ಕಬಡ್ಡಿಯಲ್ಲಿ ಹರಾಜು ಟೀವಿಯಲ್ಲೇ ನಡೆಯುತ್ತೆ; 2023ರಲ್ಲಿ ಪವನ್ ಸೆಹ್ರಾವತ್‌ಗೆ ತೆಲುಗು ಟೈಟನ್ಸ್ 2.60 ಕೋಟಿಗೂ ಮೇಲೆ ಕೊಟ್ಟದ್ದು ನಮ್ಮೂರ ಚಾ ಅಂಗಡಿಯಲ್ಲಿ ಕೂತವರಿಗೂ ಗೊತ್ತು. ಐಎಸ್‌ಎಲ್‌ನಲ್ಲಿ ಆಟಗಾರ ಕ್ಲಬ್ ಬದಲಿಸಿದಾಗ ಹೆಚ್ಚಿನ ಸಲ ಮೊತ್ತ ಬಹಿರಂಗ ಆಗಲ್ಲ. ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಕೈ ಹಾಕಿ ಬೆರಳು ಮುಟ್ಟಿ ದರ ಮಾತಾಡ್ತಾರಲ್ಲ, ಥೇಟ್ ಹಾಗೇ. ಪಕ್ಕದಲ್ಲಿ ನಿಂತವನಿಗೂ ತಿಳಿಯಲ್ಲ. ಬೆಲೆ ಗೊತ್ತಿಲ್ಲದೆ 'ಇವನಿಗಿಂತ ಅವನು ವಾಸಿ' ಅನ್ನೋ ಮಾತು ಅರ್ಧ ಮಾತು. ಐದು ಗೋಲಿನ ಹುಡುಗ ಕಡಿಮೆ ದುಡ್ಡಿಗೆ ಸಿಕ್ಕರೆ, ಎಂಟು ಗೋಲಿನ ದುಬಾರಿ ಹುಡುಗನಿಗಿಂತ ಕ್ಲಬ್ಬಿಗೆ ಲಾಭವೇ ಇರಬಹುದು. ಉಳಿದ ದುಡ್ಡಿನಲ್ಲಿ ಅವನಿಗೆ ಪಾಸ್ ಕೊಡೋ ಮಿಡ್‌ಫೀಲ್ಡರ್ ಬರ್ತಾನೆ.

ಸರಿ, ಟೀಕೆ ಮಾಡಿ ಕೈ ತೊಳೆದುಕೊಂಡರೆ ಆಗಲ್ಲ. ನನ್ನ ಆಯ್ಕೆ ಕೇಳಿದ್ರೆ ಹೀಗೆ. ಮೊದಲು, ಕೊಳ್ಳೋಕೆ ಮುಂಚೆ ಶಿವಶಕ್ತಿಗೆ ನಡುವಿನ ಜಾಗದಲ್ಲಿ, ಅನುಭವಿ ಜೋಡಿಯ ಜತೆ 900 ನಿಮಿಷ. 24 ಲೀಗ್ ಮ್ಯಾಚ್ ಅಂದ್ರೆ 2160 ನಿಮಿಷ; ಅದರಲ್ಲಿ ಹತ್ತು ಮ್ಯಾಚಿನಷ್ಟು. ಇದಕ್ಕೆ ಒಂದು ರೂಪಾಯಿ ಟ್ರಾನ್ಸ್‌ಫರ್ ಫೀ ಇಲ್ಲ. ಎರಡನೆಯದು, ದುಡ್ಡು ಕೊಟ್ಟು ಒಬ್ಬರನ್ನು ತರೋದಾದ್ರೆ ಇರ್ಫಾನ್. ಛೇತ್ರಿ ಈಗ ಕೊಂಚ ಹಿಂದೆ ನಿಂತು, ತಡವಾಗಿ ಬಾಕ್ಸಿಗೆ ಬಂದು ಗೋಲು ಹೊಡೀತಾರೆ. ಅವರ ಮುಂದೆ ಓಡಿ ಡಿಫೆಂಡರ್‌ಗಳನ್ನು ಎಳೆದುಕೊಂಡು ಹೋಗೋ ಹುಡುಗ ಬೇಕು. ಈ ಕ್ಲಬ್ಬಿಗೆ, ಈ ಹೊತ್ತಿಗೆ, ಜೋಡಿ ಆಗೋದು ಆ ಓಟ. ಮೂರನೆಯದು, ಸುಹೈಲ್‌ನನ್ನು ಮೋಹನ್ ಬಗಾನ್ ಮಾರಲ್ಲ, ಆದರೆ ಒಂದು ಸೀಸನ್ ಲೋನ್ ಕೇಳೋದರಲ್ಲಿ ತಪ್ಪೇನಿದೆ? ಕೇಳಿದ್ರೆ ಇಲ್ಲ ಅಂದಾರು, ಅಷ್ಟೇ ತಾನೆ.

ಬೇರೆಯವರು ಬೇರೆ ಥರ ಆರಿಸಬಹುದು. ಇರ್ಫಾನ್‌ಗಿಂತ ಡೇವಿಡ್ ವಾಸಿ ಅಂತ ಯಾರಾದ್ರೂ ಕಾರಣ ಸಮೇತ ಹೇಳಿದ್ರೆ ಕೇಳೋಕೆ ಸಿದ್ಧ. ಆದರೆ 'ಮುಂದಿನ ಛೇತ್ರಿ ಯಾರು' ಅನ್ನೋ ಪ್ರಶ್ನೆಯನ್ನ ಮಾತ್ರ ದಯವಿಟ್ಟು ಬಿಡಿ. ಆ ಹೆಸರಿನ ಭಾರ ಹೊರಿಸಿದ ಕೂಡಲೇ ಇಪ್ಪತ್ತೆರಡರ ಹುಡುಗನ ಪ್ರತಿ ತಪ್ಪೂ 'ನೋಡಿ, ಇವನು ಛೇತ್ರಿ ಅಲ್ಲ' ಅಂತಾಗುತ್ತೆ. ಹೌದು, ಅಲ್ಲ. ಛೇತ್ರಿ ಕೂಡ ಹದಿನೇಳಕ್ಕೆ ಮೋಹನ್ ಬಗಾನ್ ಸೇರಿದಾಗ ಛೇತ್ರಿ ಆಗಿರಲಿಲ್ಲ. ಪಂಜಾಬಿನ ಜೆಸಿಟಿಗೆ ಹೋಗಿ, ಅಲ್ಲಿ ವಾರ ವಾರ ಆಡಿ, ಆಮೇಲೆ ಆದರು.

ಯಾಕೆ ಇಷ್ಟು ಹೇಳ್ತೀನಿ ಅಂದ್ರೆ, ಸ್ಟ್ರೈಕರ್‌ಗೆ ಇಪ್ಪತ್ತರಿಂದ ಇಪ್ಪತ್ನಾಲ್ಕರ ನಡುವಿನ ವರ್ಷಗಳು ತಿರುಗಿ ಬರಲ್ಲ. ನಮಗೆ ಪ್ರಾಜೆಕ್ಟ್ ಇಲ್ಲದೆ ಆರು ತಿಂಗಳು ಬೆಂಚಿನಲ್ಲಿ ಕೂತರೆ ಸಂಬಳ ಬರುತ್ತೆ, ಆಮೇಲೆ ಬೇರೆ ಕಂಪನಿ ಇದೆ. ಬೆಂಚಿನಲ್ಲಿ ಎರಡು ಸೀಸನ್ ಕೂತ ಹುಡುಗನಿಗೆ ಸಿಗೋದು ಇನ್ನೂ ಸಣ್ಣ ಕಾಂಟ್ರಾಕ್ಟು, ಇನ್ನೂ ಕೆಳಗಿನ ಕ್ಲಬ್ಬು. ನೊಗ ಕಾಣದೆ ಕೊಟ್ಟಿಗೆಯಲ್ಲೇ ಕಟ್ಟಿ ಹಾಕಿದ ಹೋರಿಗೆ ಹಲ್ಲು ಮಾತ್ರ ಬರ್ತಾ ಇರುತ್ತೆ, ನಡಿಗೆ ಬರಲ್ಲ. ಹಾಗಾಗಿ ಕ್ಲಬ್ಬನ್ನು ಬೈಯೋದಿದ್ರೆ 'ಯಾರನ್ನು ತಂದಿರಿ' ಅಂತ ಬೈಯೋದು ಕಡಿಮೆ ಮಾಡಿ, 'ತಂದವನನ್ನ ಎಷ್ಟು ನಿಮಿಷ ಆಡಿಸಿದಿರಿ' ಅಂತ ಲೆಕ್ಕ ಕೇಳೋದು ಜಾಸ್ತಿ ಮಾಡೋಣ. ಆ ಲೆಕ್ಕಕ್ಕೆ ಟವೆಲ್ಲಿನ ಮರೆ ಇಲ್ಲ, ಎಲ್ಲರಿಗೂ ಕಾಣುತ್ತೆ.

ಮತ್ತೆ ನಮ್ಮ ಪಾಲಿನ ಕೆಲಸವೂ ಒಂದಿದೆ. ಮುಂದಿನ ಸಲ ಕಂಠೀರವಕ್ಕೆ ಹೋದಾಗ ಹತ್ತೇ ಹತ್ತು ನಿಮಿಷ ಚೆಂಡು ನೋಡಬೇಡಿ. ಒಬ್ಬ ಎಳೇ ಸ್ಟ್ರೈಕರ್‌ನನ್ನು ಆರಿಸಿಕೊಂಡು ಅವನನ್ನೇ ನೋಡಿ. ಎಷ್ಟು ಸಲ ಓಡಿದ, ಎಷ್ಟು ಸಲ ಅವನ ಓಟ ನೋಡಿ ಯಾರಾದ್ರೂ ಪಾಸ್ ಕೊಟ್ಟರು, ಕೊಡದಿದ್ದಾಗ ಮತ್ತೆ ಓಡಿದನಾ ಇಲ್ಲಾ ಸೊಂಟದ ಮೇಲೆ ಕೈ ಇಟ್ಟು ನಿಂತನಾ. ಮತ್ತೆ ಓಡಿದ ಅಂದ್ರೆ, ಗೋಲು ಬರದ ದಿನವೂ ಅವನ ಹೆಸರು ಕೂಗಿ.